ಪೀರಮ್ಮನ ಮೇಲೊಂದು ದೂರು

ಭೀಮಾಶಂಕರ ತನ್ನ ಸ್ವಂತ ಚಿಕ್ಕಮ್ಮನ ಮೇಲೆ ಇಂಟರ್‌ನೆಟ್ಟಿನಲ್ಲಿ ದೂರು ಬರೆದು, ಕಳಿಸುವ ಗುಂಡಿ ಒತ್ತಿ, ದಂಡಯಾತ್ರೆ ಮುಗಿಸಿದ ದೊರೆಯಂತೆ ಅಂಗೈ ಉಜ್ಜಿಕೊಂಡ. ಗರುಡಾಚಾರ್‌ಪಾಳ್ಯದ ಆ ಸೈಬರ್ ಕೆಫೆಯಲ್ಲಿ ಫ್ಯಾನು ಕೆಟ್ಟು ತಿಂಗಳಾಗಿತ್ತು. ಆದರೂ ಅವನಿಗೆ ತಂಗಾಳಿ ಬೀಸಿದಂತಾಯಿತು.

ಹಿಂದಿನಿಂದ ಇಣುಕಿದ ಕೆಫೆಯ ಮಾಲೀಕ ಅಕ್ತರ್ ಹೌಹಾರಿದ. "ಯಾ ಅಲ್ಲಾ! 'ಪೀರಮ್ಮನ ಖಾನಾವಳಿಯಿಂದ ನಮ್ಮನ್ನು ಕಾಪಾಡಿ'? ಏನ್ ಗುರು ಇದು, ನಿಮ್ ಚಿಕ್ಕಮ್ಮನ್ ಹೋಟ್ಲೇ ಅಲ್ವಾ?"

"ಹೊಗಳಿ ಬರ್ದಾಗ ಏನಾಯ್ತು ಹೇಳಿ ಭಾಯ್?"

ಏನೂ ಆಗಿರಲಿಲ್ಲ, ಅದೇ ಸಂಕಟ. ಸುತ್ತಲಿನ ಸಾಫ್ಟ್‌ವೇರ್ ಕಚೇರಿಗಳ ಹುಡುಗರದೊಂದು ಇ-ಮೇಲ್ ಗುಂಪಿತ್ತು. ಬಾಡಿಗೆ ಮನೆ, ಕಳೆದುಹೋದ ನಾಯಿ, ಬಾರದ ಬಸ್ಸು, ಎಲ್ಲಕ್ಕೂ ಅಲ್ಲಿ ಜಾಗವಿತ್ತು, ಜಾಹೀರಾತಿಗೆ ಮಾತ್ರ ಇರಲಿಲ್ಲ. 'ಬಿಸಿ ಜೋಳದ ರೊಟ್ಟಿ ಸವಿಯಲು ಬನ್ನಿ' ಎಂಬ ಭೀಮಾಶಂಕರನ ಓಲೆಯನ್ನು ಗುಂಪಿನ ಯಜಮಾನ ಕಿರಣಕುಮಾರ ಅಳಿಸಿಹಾಕಿ, ಇನ್ನೊಮ್ಮೆ ಬರೆದರೆ ಹೊರಗಟ್ಟುತ್ತೇನೆಂದು ಗದರಿಸಿದ್ದ. ಇತ್ತ ಪೀರಮ್ಮನ ಬಾಡಿಗೆ ಕೋಣೆಗೆ ಬೀದಿ ಬೆಕ್ಕು ಬಿಟ್ಟು ಬೇರಾರೂ ಊಟಕ್ಕೆ ಬರುತ್ತಿರಲಿಲ್ಲ. ಅವಳು ರೊಟ್ಟಿ ಸುಡುವ ದೊಡ್ಡ ಹಂಚನ್ನು ಆಗಲೇ ಗಂಟು ಕಟ್ಟಿಟ್ಟು, ಸಣ್ಣದೊಂದನ್ನಷ್ಟೇ ಒಲೆಯ ಮೇಲೆ ಉಳಿಸಿಕೊಂಡು, "ಅಮಾಸಿ ತನಕ ನೋಡ್ತೀನಿ. ಆಮ್ಯಾಲ ಸೇಡಮ್ ಬಸ್ ಹತ್ತಾಕಿನೇ" ಎಂದು ಸಾರಿದ್ದಳು. 'ಬೆಂಗಳೂರೇ ನಿನ್ನ ಬಾಗಿಲಿಗೆ ಸಾಲುಗಟ್ಟುತ್ತದೆ' ಎಂದು ಊರಮಂದಿಯ ಎದುರು ಕೊಚ್ಚಿಕೊಂಡು ಅವಳನ್ನು ಕರೆತಂದವನು ಭೀಮಾಶಂಕರ. ಅವಳು ಬಸ್ಸು ಹತ್ತಿದರೆ ಅವನು ಜನ್ಮದಲ್ಲಿ ಮತ್ತೆ ಸೇಡಮ್ಮಿನಲ್ಲಿ ಮುಖ ತೋರಿಸುವಂತಿರಲಿಲ್ಲ.

ಆದರೆ ಗುಂಪಿನಲ್ಲಿ ದೂರಿಗೆ ತಡೆಯಿರಲಿಲ್ಲ. ಅದು ಹೊಳೆದ ಗಳಿಗೆಯಲ್ಲಿ ಭೀಮಾಶಂಕರನ ತಲೆಯೊಳಗೆ ಹತ್ತಿಕೊಂಡ ದೀಪ ಕೆ.ಆರ್. ಪುರದ ತೂಗುಸೇತುವೆಯ ಮೇಲಿನವರಿಗೂ ಕಂಡಿತಂತೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಕುಟ್ಟಿದ: 'ಬೆಳಕು ಹರಿಯುವ ಮೊದಲೇ ಈ ಹೆಂಗಸು ಟಪ ಟಪ ರೊಟ್ಟಿ ಬಡಿಯುತ್ತಾಳೆ, ನಮ್ಮ ಕಟ್ಟಡ ನಡುಗುತ್ತದೆ. ಸಾಕೆಂದರೂ ಬಿಡದೆ ಎಣ್ಣೆಗಾಯಿ ಸುರಿಯುತ್ತಾಳೆ. ಬೇಡವೆಂದವರನ್ನು ಹೆತ್ತ ತಾಯಿಯ ಹಾಗೆ ಬಯ್ಯುತ್ತಾಳೆ. ಇವಳ ಶೇಂಗಾ ಹಿಂಡಿ ತಿಂದವರು ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಗೊರಕೆ ಹೊಡೆಯುತ್ತಿದ್ದಾರೆ. ದಯವಿಟ್ಟು ಯಾರೂ ನೀರಿನ ಟ್ಯಾಂಕಿನ ಹಿಂದಿರುವ ಹಸಿರು ಬಾಗಿಲಿನ ಮನೆಗೆ ಹೋಗಬೇಡಿ. ಇಂತಿ, ನೊಂದ ನೆರೆಯವನು.'

ಮರುದಿನ ಮಧ್ಯಾಹ್ನ ಬೀದರಿನವರು, ರಾಯಚೂರಿನವರು, ಯಾದಗಿರಿಯವರು, ಮೆಸ್ಸಿನ ಬಿಳಿ ಅನ್ನ ತಿಂದು ನಾಲಗೆ ಸತ್ತವರೆಲ್ಲ ಆ ಟಪ ಟಪ ಹುಡುಕಿಕೊಂಡು ಬಂದರು. ಸಾಲು ಟ್ಯಾಂಕನ್ನು ಸುತ್ತುಹಾಕಿತು. ಅದರ ಬಾಲ ಎಲ್ಲಿದೆಯೆಂದು ನೋಡಲು ಹೋದ ಅಕ್ತರ್ ದಾರಿಯಲ್ಲಿ ಎರಡು ಸಲ ಚಹಾ ಕುಡಿಯಬೇಕಾಯಿತು. ಪೀರಮ್ಮ ಬಡಿದ ಸದ್ದಿಗೆ ಹಲಸೂರು ಕೆರೆಯ ಮೀನುಗಳು ಎದ್ದು ಕುಳಿತವು.

ಆಗ ಬಂದ ಕಿರಣಕುಮಾರ, ಕೈಯಲ್ಲಿ ದೂರಿನ ಪ್ರಿಂಟ್ ಹಿಡಿದುಕೊಂಡು.

"ಇದು ದೂರೋ, ಕಳ್ಳ ಜಾಹೀರಾತೋ ನೋಡೋಕ್ ಬಂದಿದೀನಿ ರೀ. ಇದ್ರಲ್ಲಿ ಒಂದ್ ಮಾತು ಸುಳ್ಳಿದ್ರೂ ಇವತ್ತೇ ಎಲ್ರಿಗೂ ಬರೀತೀನಿ, ಈ ಹೋಟ್ಲೇ ಮೋಸ ಅಂತ!"

ತಟ್ಟೆ ಹಂಚುತ್ತಿದ್ದ ಭೀಮಾಶಂಕರನ ಕಣ್ಣಮುಂದೆ ಸೇಡಮ್ ಬಸ್ಸು ಹಾರ್ನ್ ಹೊಡೆಯಿತು. ಪೀರಮ್ಮ ಹಿಟ್ಟಿನಿಂದ ತಲೆಯೆತ್ತಿ, ಬಂದವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮಾರಿ ನೋಡು, ಒಣಗಿದ ಬದನಿಕಾಯಿ ಆಗ್ಯದ. ಕುಂದ್ರು."

"ಊಟ ಆಗಿದೆ ಅಮ್ಮಾ, ನಾನು ಬರೀ ವಿಚಾರಣೆಗೆ..."

"ವಿಚಾರಣಿ ಉಂಡ ಮ್ಯಾಲ. ಕುಂದ್ರಂದ್ರ ಕುಂದ್ರು! ನಿಮ್ಮವ್ವ ಇಲ್ಲಿದ್ರ ಹಿಂಗ ಹೊಟ್ಟಿ ಬೆನ್ನಿಗಿ ಹತ್ತಿಸ್ಕೊಂಡು ತಿರಗಾಕ ಬಿಡ್ತಿದ್ಳೇನು?"

ಕಿರಣಕುಮಾರ ಕುಳಿತ. ರೊಟ್ಟಿ ಬಿತ್ತು, ಮತ್ತೊಂದು ಬಿತ್ತು. ಸಾಕೆಂದು ತಟ್ಟೆಗೆ ಅಂಗೈ ಅಡ್ಡ ಹಿಡಿದ. ಸೇಡಮ್ ಕಡೆಯಲ್ಲಿ ಅಂಗೈ ಅಡ್ಡ ಹಿಡಿದರೆ ಯಾವ ತಾಯಿಯೂ ನಿಂತದ್ದಿಲ್ಲ. ಪೀರಮ್ಮ ಆ ಅಂಗೈ ಮೇಲೆಯೇ ಬಿಸಿ ರೊಟ್ಟಿ ಹಾಕಿ, ಅದರ ಮೇಲೆ ಎಣ್ಣೆಗಾಯಿ ಸುರಿದಳು.

ಕೊನೆಗೆ ಅವನು ಗೋಡೆಗೊರಗಿ ಜೇಬಿನಿಂದ ಪೆನ್ನು ತೆಗೆದ. "ಕಟ್ಟಡ ನಡುಗತ್ತೆ... ನಿಜ. ಬಿಡದೆ ಸುರೀತಾರೆ... ನಿಜ. ತಾಯಿ ಹಾಗೆ ಬೈತಾರೆ..." ಕೆಮ್ಮಿದಂತೆ ಮಾಡಿ ಅದಕ್ಕೂ ಸರಿ ಗುರುತು ಹಾಕಿದ. "ಈ ಗೊರಕೆದು ಮಾತ್ರ ಆಫೀಸಿಗೆ ಹೋಗಿ ನೋಡ್ಬೇಕು" ಎಂದವನ ಕಣ್ಣುಗಳು ಆಗಲೇ ಮುಚ್ಚುತ್ತಿದ್ದವು.

ಸಂಜೆಯ ಹೊತ್ತಿಗೆ ಇಡೀ ಗುಂಪಿಗೆ ಅವನ ಓಲೆ ಬಂತು: 'ಖುದ್ದಾಗಿ ಪರಿಶೀಲಿಸಿದ್ದೇನೆ. ದೂರಿನಲ್ಲಿ ಇರುವುದೆಲ್ಲ ನಿಜ. ನಾಳೆ ಮತ್ತೊಮ್ಮೆ ಪರಿಶೀಲಿಸುತ್ತೇನೆ.'

ಆ ಸುದ್ದಿ ಹೊತ್ತು ಭೀಮಾಶಂಕರ ಓಡಿಬಂದಾಗ, ಕಿರಣಕುಮಾರ ಮರೆತುಹೋದ ಹಾಳೆ ಪೀರಮ್ಮನ ಕೈಯಲ್ಲಿತ್ತು. "ಎಲ್ಲಾರೂ ಇದನ್ನೇ ಹಿಡ್ಕೊಂಡು ನಗ್ತಿದ್ರು. ಏನದ ಇದರಾಗ? ಓದು." ಅವನು ಓದಿದ. ಸಾಲು ಸಾಲಿಗೂ ಅವನ ದನಿ ಸಣ್ಣಗಾಗಿ, 'ನೊಂದ ನೆರೆಯವನು' ಎಂಬಲ್ಲಿಗೆ ಇರುವೆಯ ಪಿಸುಮಾತಾಯಿತು.

"ಯಾರಂವ ಈ ನೊಂದಾಂವ?"

"ನಾನೇ, ಚಿಗವ್ವ."

ಪೀರಮ್ಮ ಎದ್ದು ಮೂಲೆಗೆ ಹೋಗಿ ಗಂಟು ಬಿಚ್ಚಿದಳು. ದೊಡ್ಡ ಹಂಚು ಹೊರಬಂತು. ಭೀಮಾಶಂಕರ ಎರಡೂ ಕೈಯಿಂದ ತಲೆ ಮುಚ್ಚಿಕೊಂಡ. ಅವಳು ಅದನ್ನು ಒಲೆಯ ಮೇಲಿಟ್ಟು ಬೆಂಕಿ ಹೆಚ್ಚಿಸಿದಳು.

"ಮೂಳಾ, ಬೈಯೋದು ಬೈದಿ. ಸಂಜೀ ಮುಂದನೂ ಊಟ ಸಿಗ್ತದ ಅಂತ ಯಾಕ ಬರೀಲಿಲ್ಲ?"