ಮೂರೂವರೆ ಇಂಚು

ಸುತ್ತಿದ್ದ ಹಳೇ ಪೇಪರು ಬಿಚ್ಚಿ, ಫ್ಲಾಪಿ ಓದುವ ಡ್ರೈವನ್ನು ಅಂಗೈ ಮೇಲಿಟ್ಟುಕೊಂಡು ಸತ್ಯಮೂರ್ತಿ ಮೇಷ್ಟ್ರು ಎರಡೆರಡು ಸಲ ತಿರುಗಿಸಿ ನೋಡಿದರು. "ಮೋಸ ಇಲ್ಲ ಸುಮಿತ್ರಮ್ಮ. ಮುಖ ನೋಡದೆ ಮಾಡಿದ ವ್ಯಾಪಾರ, ನನಗೂ ಒಳಗೊಳಗೇ ಪುಕುಪುಕು ಅಂತಿತ್ತು" ಎಂದರು.

ಬಾಂಬೆಯ ಮಾಟುಂಗದ ಅವರ ಕಂಪ್ಯೂಟರ್ ಕ್ಲಾಸಿಗೆ ಆ ದಿನ ಭಾನುವಾರದ ರಜೆ. ಬೆಂಚಿನ ತುದಿಯಲ್ಲಿ ಸುಮಿತ್ರಾ, ಪಕ್ಕದಲ್ಲಿ ಹನ್ನೊಂದು ವರ್ಷದ ಮಗಳು ಅಪ್ಪಿ. ಸುಮಿತ್ರಾಳ ಕೈಯಲ್ಲಿ ಒಂದು ಪುಟ್ಟ ನೀಲಿ ಫ್ಲಾಪಿ. ಅದನ್ನು ಓದಿಸಬೇಕೆಂದು ಐದು ತಿಂಗಳಿಂದ ಅಲೆದಿದ್ದಳು. ಮೇಷ್ಟ್ರ ಕಂಪ್ಯೂಟರುಗಳು ದೊಡ್ಡ ಫ್ಲಾಪಿಯವು. ಚಿಕ್ಕದು ಹಿಡಿಯುವ ಯಂತ್ರವಿದ್ದ ಆಫೀಸುಗಳವರು, ವೈರಸ್ ಬರುತ್ತದೆಂದು ಹೊರಗಿನದನ್ನು ಮುಟ್ಟಲೊಲ್ಲರು. ಕೊನೆಗೆ ಮೇಷ್ಟ್ರೇ ಫೋನಿನ ತಂತಿಗೆ ತಮ್ಮ ಕಂಪ್ಯೂಟರನ್ನು ಜೋಡಿಸಿದರು. ಊರಿನ ಹತ್ತಾರು ಕಂಪ್ಯೂಟರ್ ಹುಚ್ಚರು ಹಾಗೆ ಫೋನಿನಲ್ಲೇ ಒಬ್ಬರಿಗೊಬ್ಬರು ಚೀಟಿ ಬರೆದಿಡುವ ಒಂದು ಬೋರ್ಡು ಇತ್ತಂತೆ. 'ಮೂರೂವರೆ ಇಂಚಿನ ಡ್ರೈವ್ ಬೇಕಾಗಿದೆ' ಎಂದು ಅದರಲ್ಲಿ ಬರೆದರು. ಯಾಕೆ ಬೇಕು ಅನ್ನುವುದನ್ನೂ ಬರೆಯಿರಿ ಎಂದು ಸುಮಿತ್ರಾ ಕೇಳಿಕೊಂಡಳು. ಅದೆಲ್ಲ ಇದರಲ್ಲಿ ಬರೆಯುವ ಪದ್ಧತಿಯಿಲ್ಲ ಎಂದು ಮೇಷ್ಟ್ರು ಮೆಲ್ಲಗೆ ಹೇಳಿದ್ದರು. ಮೂರು ವಾರದ ಮೇಲೆ ಯಾರೋ ಒಪ್ಪಿ ಉತ್ತರ ಕೊಟ್ಟರು. ನಿನ್ನೆ ಸಂಜೆ ದಾದರ್ ಸ್ಟೇಷನ್ನಿನ ಸೇತುವೆ ಮೇಲೆ, ಹೇಳಿದ್ದ ಗುರುತಿನಂತೆ ಹಸಿರು ಚೀಲ ಹಿಡಿದಿದ್ದವನೊಬ್ಬ ಪೊಟ್ಟಣ ಅವಳ ಕೈಗಿಟ್ಟು, ಅವಳ ಓವರ್‌ಟೈಮ್ ದುಡ್ಡಿನ ಲಕೋಟೆ ಜೇಬಿಗಿಳಿಸಿ, ಹೆಸರೂ ಹೇಳದೆ ಜನರಲ್ಲಿ ಕರಗಿಹೋದ.

ಫ್ಲಾಪಿಯಲ್ಲಿದ್ದದ್ದು ಗಂಡನ ಕಾಗದ. ಹೋದ ವರ್ಷ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ನಂಜುಂಡ ಅಲ್ಲಿನ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದ. ಹೆಂಡತಿ ಮಗಳನ್ನು ಮೊದಲ ಬಸ್ಸಿಗೆ ಹತ್ತಿಸಿದ. ತಾನು ಹಿಂದಿನಿಂದ ಬರುತ್ತೇನೆಂದ. ದಾರಿಯ ತಪಾಸಣೆ ನಾಕಾಗಳಲ್ಲಿ ಸೈನಿಕರು, ಬರೆದ ಕಾಗದ ಸಿಕ್ಕರೆ ಹರಿದು ಹಾಕುತ್ತಿದ್ದರು. ಅದಕ್ಕೇ ಆಫೀಸಿನ ಕಂಪ್ಯೂಟರಿನಲ್ಲಿ, ಕನ್ನಡದ ಅಕ್ಷರವಿಲ್ಲದೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟಿ, ನಿನಗೊಂದು ಅಪ್ಪಿಗೊಂದು ಬರೆದಿದ್ದೇನೆ, ಬಾಂಬೆ ಮುಟ್ಟಿದ ಮೇಲೆ ನಿಧಾನವಾಗಿ ಓದಿಸಿಕೊಳ್ಳಿ ಎಂದು ಫ್ಲಾಪಿಯನ್ನು ಬಸ್ಸಿನ ಕಿಟಕಿಯಲ್ಲಿ ಕೊಟ್ಟಿದ್ದ. ಅವನ ಬಸ್ಸು ಮರುಭೂಮಿಯ ನಿರಾಶ್ರಿತರ ಡೇರೆಗಳವರೆಗೆ ಬಂತು. ಅವನು ಅಲ್ಲಿ ಜ್ವರದಲ್ಲಿ ಮಲಗಿದವನು ಏಳಲಿಲ್ಲವೆಂದು ತಂತಿ ಬಂತು. ತಾಯಿ ಮಗಳು ವಿಮಾನ ಇಳಿಸಿದ ಊರಲ್ಲೇ ಉಳಿದರು. ಕುವೈತಿನಲ್ಲೇ ಹುಟ್ಟಿ ಬೆಳೆದಿದ್ದ ಅಪ್ಪಿಗೆ ಇದು ಪರದೇಶ. ಮೈಸೂರಿನ ಸುಮಿತ್ರಾಳಿಗೂ ಅಷ್ಟೇ. ಜೋಗೇಶ್ವರಿಯ ಕ್ಯಾಸೆಟ್ ಯೂನಿಟ್ಟಿನಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಿತ್ತು.

ಮೇಷ್ಟ್ರು ಸ್ಕ್ರೂ ಬಿಗಿದು, ಫ್ಲಾಪಿ ತೂರಿಸಿ, ಕೀಲಿ ಒತ್ತಿದರು. ಡ್ರೈವು ಗರ್ ಗರ್ ಎಂದು ಕೆರೆಯಿತು. ನಿಂತಿತು. ಮತ್ತೆ ಕೆರೆಯಿತು. ಓದಲಾಗುತ್ತಿಲ್ಲ ಎಂಬ ಒಂದೇ ಸಾಲು ಪರದೆಯ ಮೇಲೆ ಮತ್ತೆ ಮತ್ತೆ ಬಂತು. ಡ್ರೈವಿನ ಜೊತೆ ಪೊಟ್ಟಣದಲ್ಲಿ ಬಂದಿದ್ದ ಬೇರೆ ಚಿಕ್ಕ ಫ್ಲಾಪಿಯೊಂದನ್ನು ಹಾಕಿದರೆ ಚೆನ್ನಾಗಿಯೇ ಓದಿತು. ತೆಗೆದು ಇದನ್ನು ಹಾಕಿದರೆ ಮತ್ತೆ ಅದೇ ಸಾಲು.

"ಇದನ್ನ ಎಲ್ಲಿಟ್ಟಿದ್ರಮ್ಮ ಇಷ್ಟು ದಿನ?"

ಸುಮಿತ್ರಾಳಿಗೆ ಹೇಳಲು ಹೆಮ್ಮೆಯೇ ಆಯಿತು. ಬಸ್ಸಿನಲ್ಲಿ ಮರಳು, ಧೂಳು, ಎಲ್ಲರ ಕಾಲ್ತುಳಿತ. ಎಲ್ಲಿಡಲಿ ಎಂದು ಅವಳು ಒದ್ದಾಡುತ್ತಿದ್ದಾಗ ಅಪ್ಪಿಯೇ ಪೆನ್ಸಿಲುಗಳನ್ನು ಹೊರಗೆ ಚೆಲ್ಲಿ ತನ್ನ ಪೆನ್ಸಿಲ್ ಬಾಕ್ಸ್ ಕೊಟ್ಟಿದ್ದಳು. ಅಳತೆ ತೆಗೆದು ಮಾಡಿಸಿದಂತೆ ಕೂತಿತ್ತು. ಅಂದಿನಿಂದ ಇಂದಿನವರೆಗೆ ಬೇರೆಲ್ಲೂ ಇಟ್ಟೇ ಇಲ್ಲ.

"ಅಪ್ಪಾ ನೇ ಲಾಕೇ ದಿಯಾ ಥಾ, ಅಂಕಲ್. ಬರ್ತ್‌ಡೇಗೆ" ಎಂದು ಅಪ್ಪಿ, ಅಪ್ಪ ತಂದುಕೊಟ್ಟಿದ್ದ ಆ ಬಾಕ್ಸನ್ನು ಶಾಲೆಯ ಚೀಲದಿಂದ ತೆಗೆದು ಮೇಷ್ಟ್ರ ಮುಂದಿಟ್ಟಳು. ಮೇಲೆ ಒಂಟೆಯ ಚಿತ್ರ. "ಇಲ್ಲಿ ಯಾರ್ ಹತ್ರಾನೂ ಇಲ್ಲ. ನೋಡಿ, ಬಂದ್ ಅಪ್ನೇ ಆಪ್ ಆಗುತ್ತೆ."

ಮುಚ್ಚಳ ತಾನಾಗಿ ಬಾಗಿ ಟಕ್ ಎಂದು ಕೂತಿತು. ಮೇಷ್ಟ್ರ ಬೆರಳ ತುದಿಯಲ್ಲಿ ಮಿಕ್ಕಿದ್ದ ಸ್ಕ್ರೂ ಒಂದು ಚಂಗನೆ ಹಾರಿ ಅದರ ಅಂಚಿಗೆ ಅಂಟಿಕೊಂಡಿತು.

ಸುಮಿತ್ರಾ ಸ್ಕ್ರೂವನ್ನೇ ನೋಡಿದಳು. ಕ್ಯಾಸೆಟ್ ಯೂನಿಟ್ಟಿನ ಬಾಗಿಲಲ್ಲಿ ಒಂದು ಹಲಗೆ ಇದೆ. ಒಳಗೆ ಹೋಗುವ ಮೊದಲು ಹೆಂಗಸರೆಲ್ಲ ತಮ್ಮ ಪರ್ಸು ಅಲ್ಲಿಟ್ಟು ಹೋಗಬೇಕು. ಅವಳೂ ದಿನಾ ಇಡುತ್ತಾಳೆ. ಸೇರಿದ ದಿನವೇ ಸೂಪರ್‌ವೈಸರ್ ಶೀಲಾವತಿ ಹೇಳಿದ್ದಳು: "ಪರ್ಸಿನ ಬಾಯಲ್ಲಿ ಅಯಸ್ಕಾಂತ ಉಂಟಲ್ಲ, ಅದು ತಾಗಿದರೆ ಹಾಡೆಲ್ಲ ಅಳಿಸಿ ಹೋಗ್ತದೆ. ಮತ್ತೆ ದೇವರು ಬಂದರೂ ತರ್ಲಿಕ್ಕಾಗುದಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಅಪ್ಪಿಯ ಕಡೆ ತಿರುಗಿದರು. "ಮರಿ, ಈ ಬಾಕ್ಸ್‌ನಲ್ಲಿ..."

"ಬಿಸಿಲು ಸಾರ್" ಎಂದಳು ಸುಮಿತ್ರಾ. ದನಿ ಅವಳಿಗೇ ಬೇರೆ ಯಾರದೋ ಎನಿಸಿತು. "ಆ ಮರುಭೂಮಿ ಬಿಸಿಲು. ಬಸ್ಸಲ್ಲಿ ಎರಡು ದಿನ ಕಾದು ಕೆಂಡ ಆಗಿತ್ತು. ಬಿಸಿಲಿಗೇ ಕೆಟ್ಟಿರಬೇಕು, ಅಲ್ವಾ?"

ಮೇಷ್ಟ್ರು ತಾಯಿಯನ್ನು ನೋಡಿದರು, ಮಗಳನ್ನು ನೋಡಿದರು. ಸ್ಕ್ರೂವನ್ನು ಉಗುರಿನಿಂದ ಕಿತ್ತು ಜೇಬಿಗೆ ಹಾಕಿಕೊಂಡರು.

"ಹೌದಮ್ಮ. ಬಿಸಿಲು."

ಅಪ್ಪಿಯ ಕಣ್ಣು ತುಂಬಿತ್ತು. ಆದರೂ ಡಬ್ಬಿಯನ್ನು ಎರಡೂ ಕೈಯಿಂದ ತೆರೆದು ಅಮ್ಮನ ಮುಂದೆ ಹಿಡಿದಳು. "ಇದರಲ್ಲೇ ಇಡು ಮಮ್ಮಿ. ಸೇಫ್ ರಹೇಗಾ."

ಸುಮಿತ್ರಾ ಫ್ಲಾಪಿಯನ್ನು ಸೆರಗಿನಿಂದ ಒರೆಸಿ ಒಳಗಿಟ್ಟಳು. ಅಪ್ಪಿ ಕೈ ಬಿಟ್ಟಳು. ಮುಚ್ಚಳ ತನ್ನಷ್ಟಕ್ಕೆ ಬಾಗಿ, ಟಕ್ ಎಂದು ಕಚ್ಚಿಕೊಂಡಿತು.