ಎಡೆಗೆ ಮೊದಲು

ಹೊಸ ರಾಗಿ ಬೇಯುವ ಈ ವಾಸನೆಗೆ ಎಳವೆಯಲ್ಲಿ ಜೋಗಮ್ಮ ಕೈ ಚಾಚಿ ತನ್ನ ಅವ್ವನಿಂದ ಏಟು ತಿಂದಿದ್ದಳು. ಹಬ್ಬದಲ್ಲಿ ದೇವರಿಗೆ ಎಡೆಯಾಗುವ ಮೊದಲು ಹೊಸ ಬೆಳೆ ಯಾರ ಬಾಯಿಗೂ ಬೀಳಬಾರದು. ಈಗ ಹಬ್ಬಕ್ಕೆ ಇನ್ನೂ ಮೂರು ದಿನವಿತ್ತು. ಹಳೆಯ ರಾಗಿ ಮುಗಿದಿತ್ತು. ಹತ್ತಿರದ ಎಮರಾಲ್ಡ್ ಕಣಿವೆಯಲ್ಲಿ ಅಣೆಕಟ್ಟು ಕಟ್ಟಲು ಕಲ್ಲು ಹೊರುವ ಬಸುರಿಯೊಬ್ಬಳು ಹಸಿದು ಜಗಲಿಯಲ್ಲಿ ಕುಸಿದು ಕೂತಿದ್ದಳು. ಜೋಗಮ್ಮ ಹೊಸ ರಾಗಿಯನ್ನೇ ಬೀಸಿ ಮುದ್ದೆ ತೊಳಸುತ್ತಿದ್ದಳು.

"ಗುಡಿಗೆ ಕಾಲಿಡೋಕೆ ಬಿಡಲ್ಲ ನಿನ್ನ, ತಿಳ್ಕೊ," ಎಂದರು ಅತ್ತೆ ಮಹಾಲಿಂಗಮ್ಮ.

"ಬಿಡದಿದ್ರೆ ಹೊರಗೇ ನಿಂತು ಕೈ ಮುಗೀತೀನಿ ಅತ್ತೆ. ದೇವರು ಮೂರು ದಿನ ಕಾಯ್ತಾನೆ, ಆ ಹೊಟ್ಟೆ ಕಾಯಲ್ಲ."

ಅತ್ತೆ ದೇವರ ಎಡೆಗೆಂದು ಬೆಳಗಿಟ್ಟಿದ್ದ ಕಂಚಿನ ತಟ್ಟೆಯನ್ನು ಇಳಿಸಿ, ಮುದ್ದೆಯನ್ನು ತಾವೇ ಅದರಲ್ಲಿಟ್ಟು, ಅವರೆ ಸಾರು ಹುಯ್ದು, ಜಗಲಿಗೆ ಹೋಗಿ ಬಸುರಿಯ ಕೈಗೆ ಕೊಟ್ಟರು.