ನೆಂಟರ ಕುರ್ಚಿ

ಜಯಲಕ್ಷ್ಮಮ್ಮ ಚೊಂಬಿನ ನೀರನ್ನು ಕಿಟಕಿಯಾಚೆ ಸುರಿದದ್ದೂ, ನರ್ಸ್ ಅರ್ಪಿತ ಸ್ಕೂಟರ್ ತಂದು ಅದೇ ಕಿಟಕಿಯ ಕೆಳಗೆ ನಿಲ್ಲಿಸಿದ್ದೂ ಒಂದೇ ಗಳಿಗೆಯಲ್ಲಿ ಆಗಿಹೋಯಿತು. ನೀರು ನೇರ ಹೆಲ್ಮೆಟ್ಟಿನ ಮೇಲೆ ಬಿತ್ತು. "ಅಯ್ಯೋ ಶಿವನೇ!" ಎಂದು ಜಯಲಕ್ಷ್ಮಮ್ಮ ಚೊಂಬನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು. ಬಚ್ಚಿಟ್ಟು ಏನು ಬಂತು? ಅರ್ಪಿತ ಮುಖ ಒರೆಸಿಕೊಳ್ಳುತ್ತಲೇ ಒಳಗೆ ಬಂದು ಮಂಚದ ಪಕ್ಕ ಕುಳಿತಳು. ಬೈಯಲಿಲ್ಲ. ಹಣೆ ಮುಟ್ಟಿ ನೋಡಿ ಥರ್ಮಾಮೀಟರ್ ಇಟ್ಟಳು. ನೂರಾ ಒಂದು.

ನಾಲ್ಕು ತಿಂಗಳ ಹಿಂದೆ ಜಯಲಕ್ಷ್ಮಮ್ಮ ಹಾಲು ಕರೆದು ಬರುವಾಗ ಕೊಟ್ಟಿಗೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಮೈಸೂರಿನಲ್ಲಿ ರಾಡು ಹಾಕಿಸಿ ಅಕ್ಕಿಹೆಬ್ಬಾಳಿಗೆ ಕರೆತಂದ ಮೇಲೆ, ಎದ್ದು ಓಡಾಡಲಾಗದವರನ್ನು ಮನೆಗೇ ಬಂದು ನೋಡುವ ಅರ್ಪಿತ ವಾರಕ್ಕೊಮ್ಮೆ ಬಂದು ಕಾಲು ಆಡಿಸುತ್ತಿದ್ದಳು, ವಾಕರ್ ಹಿಡಿಸಿ ನಿಲ್ಲಿಸುತ್ತಿದ್ದಳು. ಮೂಳೆಯೇನೋ ಕೂಡಿತ್ತು. ಆದರೆ ಈ ಜ್ವರ, ಈ ಉರಿಮೂತ್ರ ಒಂದೇ ತಿಂಗಳಲ್ಲಿ ಎರಡನೇ ಸಲ. ಮತ್ತೆ ಬಂದರೆ ಅಡ್ಮಿಟ್ ಮಾಡಿ ಮೂತ್ರಕ್ಕೆ ನಳಿಕೆ ಹಾಕಬೇಕಾದೀತು ಎಂದು ಡಾಕ್ಟರು ಹಿಂದಿನ ಸಲವೇ ಹೇಳಿದ್ದರು.

"ದಿನಾ ಮೂರ್ ಚೊಂಬು ನಾನೇ ತುಂಬ್ಸಿಡ್ತೀನಿ ಕಣವ್ವ," ಎಂದರು ಬಾಗಿಲಲ್ಲಿ ನಿಂತಿದ್ದ ಗಂಡ ಹೊನ್ನಪ್ಪ. "ಒಂದ್ ತೊಟ್ಟೂ ಉಳಿಸಾಕಿಲ್ಲ. ಆದ್ರೂ ಯಾಕಿಂಗೆ?"

ಜಯಲಕ್ಷ್ಮಮ್ಮ ಗೋಡೆ ಕಡೆಗೆ ಮುಖ ತಿರುಗಿಸಿದರು. ಅರ್ಪಿತ ಹೆಲ್ಮೆಟ್ಟಿನ ಸುದ್ದಿ ಎತ್ತಲಿಲ್ಲ. "ಯಜಮಾನ್ರೇ, ಒಂದು ಲೋಟ ಟೀ ಕಾಸ್ಕೊಡ್ತೀರಾ?" ಎಂದು ಅವರನ್ನು ಅಡುಗೆಮನೆಗೆ ಕಳಿಸಿ ದನಿ ತಗ್ಗಿಸಿದಳು. "ಈಗ ಹೇಳಿ. ಯಾಕೆ ಚೆಲ್ಲಿದ್ರಿ?"

"ಕುಡುದ್ರೆ ಓಗ್ಬೇಕಲ್ಲವ್ವ!" ಜಯಲಕ್ಷ್ಮಮ್ಮ ಸೆರಗಿನೊಳಗಿನ ಚೊಂಬನ್ನು ಹೊರಗೆ ತೆಗೆದರು. "ಬೆಳಿಗ್ಗೆ ರೈಲು ಓಗೋ ಒತ್ಗೆ ಸೊಸೆ ಪವಿತ್ರ ಗಾರ್ಮೆಂಟ್ಸ್ ವ್ಯಾನು ಅತ್ತಾಳೆ. ಅವ್ಳು ಒಂದ್ಸಲ ಬೆಡ್‌ಪ್ಯಾನ್ ಕೊಟ್ಟೋದ್ರೆ, ಆಮೇಕೆ ಸಂಜೆ ರೈಲು ಕೂಗಿದ್ಮೇಲೇಯಾ. ಮದ್ಯದಲ್ಲಿ ಮನೇಲಿರೋರು ಇವ್ರೊಬ್ರೇ."

"ಅವ್ರನ್ನೇ ಕರೀಬಾರ್ದಾ?"

"ಅವ್ರ ಕೈಲಿ ಅದ್ನ ಇಡ್ಸಾದಾ? ನಲ್ವತ್ ವರ್ಸದಲ್ಲಿ ಅವ್ರ ಮುಂದೆ ಕಾಲ್ ನೀಡ್ಕೊಂಡು ಕುಂತೋಳಲ್ಲ ನಾನು. ಸಾಯ್ಲಿ ಬುಡು, ತಡ್ಕೋತೀನಿ."

"ತಡ್ಕೊಂಡಿದ್ದಕ್ಕೇ ಅವ್ವ, ಈ ಜ್ವರ."

ಲೋಟ ನೆಲಕ್ಕಿಟ್ಟ ಸದ್ದಾಯಿತು. ಹೊನ್ನಪ್ಪ ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದರೋ. ಅಂಗಳಕ್ಕೆ ಹೊರಟುಹೋದರು. ಇಷ್ಟು ದಿನ ನೀರು ತುಂಬಿಸಿಟ್ಟ ಮನುಷ್ಯನಿಗೆ ಮೋಸ ಮಾಡಿದ ಹಾಗಾಯಿತಲ್ಲ, ಇನ್ನು ಈ ಮುಖವನ್ನು ಹೇಗೆ ತೋರಿಸಲಿ ಎಂದು ಜಯಲಕ್ಷ್ಮಮ್ಮ ಹೊದಿಕೆ ಎಳೆದುಕೊಂಡರು. ಹೊನ್ನಪ್ಪ ವಾಪಸು ಬಂದಾಗ ಕಣ್ಣು ಕೆಂಪಾಗಿದ್ದವು. ಮಾತಾಡಿದ್ದು ಹೆಂಡತಿಯ ಜೊತೆಯಲ್ಲ, ಅರ್ಪಿತಳ ಜೊತೆ.

"ನಾನು ಇಡ್ಕೊಳಾಕೂ ಸೈ, ತೊಳ್ಯಾಕೂ ಸೈ ಕಣವ್ವ. ಆದ್ರೆ ಅವ್ಳು ಒಪ್ಪಾಕಿಲ್ಲ. ಇತ್ತಲ ಕಕ್ಕಸ್‌ಗಂಟ ನಡ್ಯಾಕಾಗಾಕಿಲ್ಲ. ಬ್ಯಾರೆ ದಾರಿ ಇದ್ರೆ ಯೋಳು."

ಅರ್ಪಿತ ನಡುಮನೆಯಲ್ಲಿದ್ದ ಎರಡು ಕೆಂಪು ಪ್ಲಾಸ್ಟಿಕ್ ಕುರ್ಚಿಗಳನ್ನು ನೋಡಿದಳು. "ಒಂದ್ರೊಳಗೊಂದು ಕೂರಿಸಿದ್ರೆ ಗಟ್ಟಿಯಾಗ್ತವೆ. ನಡುವೆ ತೂತು ಕುಯ್ದು, ಕೆಳಗೆ ಬಕೆಟ್ ಇಟ್ರೆ ಆಯ್ತು. ಪಕ್ಕದ ಕೋಣೇಲಿಟ್ರೆ ಆರೇಳೇ ಹೆಜ್ಜೆ, ಅವ್ವ ವಾಕರ್ ಹಿಡ್ಕೊಂಡು ನಡೀತಾರೆ."

"ಅವು ನೆಂಟ್ರಿಗೇಂತ ತಂದಿರವು!" ಎಂದು ಹೊದಿಕೆಯೊಳಗಿಂದ ದನಿ ಬಂತು.

"ನೆಂಟ್ರು ಚಾಪೆ ಮ್ಯಾಲೆ ಕುಂತ್ಕತಾರೆ ಬುಡು," ಎಂದರು ಹೊನ್ನಪ್ಪ.

ಕುಡುಗೋಲನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಅವರೇ ಕುಯ್ದರು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮನೆಯೆಲ್ಲ ತುಂಬಿತು. ಅಂಚು ಚುಚ್ಚದಿರಲೆಂದು ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಸುತ್ತಿದರು. ಬೆರಳಾಡಿಸಿ ನೋಡಿ, ಸಮಾಧಾನವಾಗದೆ ಬಿಚ್ಚಿ ಮತ್ತೆ ಸುತ್ತಿದರು. ಪಕ್ಕದ ಕೋಣೆಯ ರಾಗಿಮೂಟೆಗಳನ್ನು ನಡುಮನೆಗೆ ಸಾಗಿಸಿ, ಕುರ್ಚಿಯನ್ನು ಮೂಲೆಗೆ ಒತ್ತಿ ಕೂರಿಸಿ, ಹಿಡಿದುಕೊಳ್ಳಲು ಗೋಡೆಗೆ ಬಿದಿರಿನ ಗಳ ಬಿಗಿದರು. ಅಷ್ಟರಲ್ಲಿ ಅರ್ಪಿತ ಪರೀಕ್ಷೆಗೆ ಮೂತ್ರ ತೆಗೆದುಕೊಂಡು, ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಮಾತ್ರೆ ಕೊಟ್ಟಳು. "ಮೂರು ದಿನ ನೋಡೋಣ. ಜ್ವರ ಇಳೀದಿದ್ರೆ ಆಸ್ಪತ್ರೆಗೆ ಹೋಗ್ಲೇಬೇಕು," ಎಂದಳು.

ಮೊದಲ ದಿನ ಆ ಆರೇಳು ಹೆಜ್ಜೆಗೆ ಜಯಲಕ್ಷ್ಮಮ್ಮ ಮೂರು ಸಲ ನಿಂತು ಉಸಿರು ಬಿಟ್ಟರು. ಬಾಗಿಲತನಕ ಮೊಣಕೈ ಹಿಡಿದು ಬಂದ ಹೊನ್ನಪ್ಪ ಅಲ್ಲಿ ಕೈಬಿಟ್ಟು ಬೆನ್ನು ತಿರುಗಿಸಿ ನಿಂತರು. ಎರಡನೇ ದಿನ ಜಯಲಕ್ಷ್ಮಮ್ಮ ಒಂದೇ ಸಲ ನಿಂತರು. ಮೂರನೇ ದಿನ ಅರ್ಪಿತ ಥರ್ಮಾಮೀಟರನ್ನು ಬೆಳಕಿಗೆ ಹಿಡಿದು, ಸಾಲದೆಂಬಂತೆ ಇನ್ನೊಮ್ಮೆ ಇಟ್ಟು ನೋಡಿ, "ಜ್ವರ ಇಳೀತು" ಎಂದು ಜಯಲಕ್ಷ್ಮಮ್ಮನ ಕೆನ್ನೆ ಹಿಂಡಿದಳು.

ಮಾರನೆಯ ಮಧ್ಯಾಹ್ನ ಜಯಲಕ್ಷ್ಮಮ್ಮ ಒಬ್ಬರೇ ಎದ್ದು ಕೋಣೆಗೆ ಹೋದರು. ಹೊನ್ನಪ್ಪ ಹೊರಗಿನಿಂದ ಬಾಗಿಲು ಎಳೆದುಕೊಂಡು ಹೊಸಿಲ ಮುಂದೆಯೇ ಕುಕ್ಕರಗಾಲಲ್ಲಿ ಕುಳಿತರು. ಆ ಕೋಣೆಯಲ್ಲೇ ಇರುತ್ತಿದ್ದ ಕೊಡಲಿಯನ್ನು ಕೇಳಿಕೊಂಡು ಹೋಗಲು ಬಂದ ಪಕ್ಕದ ಮನೆ ಶಿವಣ್ಣನ ದನಿ ಒಳಗಿದ್ದ ಜಯಲಕ್ಷ್ಮಮ್ಮನಿಗೆ ಸ್ಪಷ್ಟವಾಗಿ ಕೇಳಿಸಿತು.

"ಏನ್ಲಾ ಒನ್ನಪ್ಪ, ಅಗಲೊತ್ನಲ್ಲೇ ಬಾಗ್ಲು ಕಾಯ್ತಾ ಕುಂತಿದ್ದೀಯೆ? ಎದ್ದು ಒಳಿಕೋಗಿ ಕೊಡ್ಲಿ ತಕ್ಕೊಡ್ಲಾ."

"ತಡ್ಕಳ್ಲಾ," ಎಂದರು ಹೊನ್ನಪ್ಪ. "ನಮ್ಮನೆಯೋಳು ಒಳ್ಗವ್ಳೆ. ಅವ್ಳು ಕೂಗೋಗಂಟ ನಾನೂ ಓಗಂಗಿಲ್ಲ."